ಕಾಡುಮೊಲಗಳಲ್ಲಿ ತುಲರೇಮಿಯಾ ರೋಗದ ಮೇಲೆ ನಿಗಾ ಇಡುವುದು ಹೇಗೆ?

ಸತ್ತು ಬಿದ್ದ ಮೊಲಗಳಿಂದಲೇ ಶುರು ಮಾಡಬೇಕು. ತುಲರೇಮಿಯಾ ‘ಫ್ರಾನ್ಸಿಸೆಲ್ಲಾ ತುಲರೆನ್ಸಿಸ್’ ಎಂಬ ಬ್ಯಾಕ್ಟೀರಿಯಾದಿಂದ ಬರುವ ರೋಗ. ಕ್ಯಾಲಿಫೋರ್ನಿಯಾದ ಟುಲೇರಿ ಕೌಂಟಿಯಿಂದ ಆ ಹೆಸರು ಬಂದಿದೆ. ಬೇಟೆಗಾರರು, ರೈತರು, ಅರಣ್ಯ ಸಿಬ್ಬಂದಿ ಕಳೇಬರ ಕಂಡೊಡನೆ ಪಶುವೈದ್ಯಕೀಯ ಇಲಾಖೆಗೆ ತಿಳಿಸಿದರೆ ಅರ್ಧ ಕೆಲಸ ಮುಗಿದಂತೆ. ಪ್ರಯೋಗಾಲಯದಲ್ಲಿ ಹೊಟ್ಟೆ ಸೀಳಿದಾಗ ಗುಲ್ಮ (ಸ್ಪ್ಲೀನ್) ಊದಿಕೊಂಡಿದ್ದು, ಯಕೃತ್ತಿನ ಮೇಲೆ ಸಾಸಿವೆ ಚೆಲ್ಲಿದಂತೆ ಸಣ್ಣ ಬಿಳಿ ಚುಕ್ಕೆಗಳಿದ್ದರೆ ಅನುಮಾನ ಬಲವಾಗುತ್ತದೆ. ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ, ಇದನ್ನು ಮರೆತರೆ ಲೆಕ್ಕವೇ ತಪ್ಪುತ್ತದೆ. ಯುರೋಪಿನ ಕಂದು ಮೊಲಗಳಲ್ಲಿ ಕೆಲವು ಸೋಂಕಿನಿಂದ ಪಾರಾಗಿ, ರೋಗದ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ರಕ್ತದಲ್ಲಿ ಉಳಿಸಿಕೊಳ್ಳುತ್ತವೆ. ಅಲ್ಲಿನ ಬೆಟ್ಟದ ಮೊಲಗಳು ಬಹುಮಟ್ಟಿಗೆ ಕೆಲವೇ ದಿನಗಳಲ್ಲಿ ಸಾಯುತ್ತವೆ. ಹೀಗಾಗಿ ಬದುಕಿರುವ ಬೆಟ್ಟದ ಮೊಲಗಳ ರಕ್ತದಲ್ಲಿ ಪ್ರತಿಕಾಯ ಸಿಗಲಿಲ್ಲವೆಂದ ಮಾತ್ರಕ್ಕೆ ಆ ಪ್ರದೇಶದಲ್ಲಿ ರೋಗವಿಲ್ಲ ಎನ್ನಲಾಗದು. ಅಂಥಲ್ಲಿ ಮೊಲ ತಿನ್ನುವ ನರಿಗಳ ರಕ್ತದಲ್ಲಿನ ಪ್ರತಿಕಾಯ ಒಳ್ಳೆಯ ಸುಳಿವು ಕೊಡುತ್ತದೆ. ರೋಗ ಹರಡುವ ಉಣ್ಣೆ, ಸೊಳ್ಳೆಗಳನ್ನೂ ಪರೀಕ್ಷಿಸುತ್ತಾರೆ.

ದಯವಿಟ್ಟು ಕಳೇಬರವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಚರ್ಮದ ಗಾಯದ ಮೂಲಕವೋ ಉಸಿರಿನ ಮೂಲಕವೋ 10ರಿಂದ 50 ಬ್ಯಾಕ್ಟೀರಿಯಾಗಳು ಒಳಹೊಕ್ಕರೂ ಮನುಷ್ಯರಿಗೆ ಸೋಂಕು ತಗಲಬಹುದು. ಮೊಲ ಮುಟ್ಟಿದ ಮೇಲೆ ಜ್ವರ ಬಂದರೆ, ಕಂಕುಳಲ್ಲಿ ಗಂಟು ಕಟ್ಟಿದರೆ, ವೈದ್ಯರಿಗೆ ಆ ವಿಷಯವನ್ನೇ ಮೊದಲು ಹೇಳಿ.