ಸಬ್‌ಟೈಟಲ್ ಓದೋದಾ, ಸಿನಿಮಾ ನೋಡೋದಾ?

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟ್ ಇದ್ದಾಗ ಫಾರಿನ್ ಸಿನಿಮಾ ನೋಡ್ತೀನಿ, ಸಬ್‌ಟೈಟಲ್ ಓದೋದ್ರಲ್ಲಿ ಮುಖಾನೇ ಕಾಣಲ್ಲ, ಅಮ್ಮ ‘ಇದ್ರಲ್ಲಿ ಏನೂ ಆಗ್ತಾನೇ ಇಲ್ವಲ್ಲ’ ಅಂತ ಎದ್ದು ಹೋಗ್ತಾರೆ. ಯಾವುದ್ರಿಂದ ಶುರು ಮಾಡ್ಲಿ?
– ಓದುಗರು, ಸೋಮವಾರಪೇಟೆ

ಉತ್ತರ: ಮಾತು ಕಮ್ಮಿ ಇರೋದ್ರಿಂದ ಶುರು ಮಾಡಿ. ಇರಾನಿನ ಅಬ್ಬಾಸ್ ಕಿಯಾರೊಸ್ತಾಮಿ 1987ರಲ್ಲಿ ಮಾಡಿದ ‘ವೇರ್ ಈಸ್ ದ ಫ್ರೆಂಡ್ಸ್ ಹೌಸ್’ ನೋಡಿ, ಅಮ್ಮನ್ನೂ ಕೂರಿಸ್ಕೊಳ್ಳಿ. ಒಬ್ಬ ಹುಡುಗ ಅಪ್ಪಿತಪ್ಪಿ ಗೆಳೆಯನ ನೋಟ್‌ಬುಕ್ ಮನೆಗೆ ತಂದಿರ್ತಾನೆ, ನಾಳೆ ಅದಿಲ್ದಿದ್ರೆ ಆ ಗೆಳೆಯನನ್ನ ಸ್ಕೂಲಿಂದ ಹೊರಗೆ ಹಾಕ್ತಾರೆ, ಅದಕ್ಕೆ ಗುಡ್ಡ ಹತ್ತಿಳಿದು ಪಕ್ಕದೂರಿಗೆ ಓಡ್ತಾನೆ, ಅಷ್ಟೇ ಕಥೆ, ಆದ್ರೆ ಆ ಅಂಕುಡೊಂಕು ದಾರಿ ನೋಡ್ತಾ ನಂಗೆ ತೋಟದ ಮಧ್ಯೆ ನಡ್ಕೊಂಡು ಸ್ಕೂಲಿಗೆ ಹೋಗೋ ನಮ್ಮ ಮಕ್ಕಳೇ ನೆನಪಾದ್ರು, ಕಣ್ಣು ತುಂಬಿಬಂತು. ದೊಡ್ಡೋರು ಯಾರೂ ಅವನ ಮಾತು ಕೇಳಿಸ್ಕೊಳ್ಳಲ್ಲ, ಅದನ್ನ ಅಮ್ಮ ಸಬ್‌ಟೈಟಲ್ ಇಲ್ದೇನೇ ಹಿಡೀತಾರೆ.

ಆಮೇಲೆ ನಮ್ಮದೇ ಕನ್ನಡ ಸಿನಿಮಾ ‘ತಿಥಿ’. ಮಂಡ್ಯ ಕಡೆ ಹಳ್ಳಿಯವರೇ ನಟಿಸಿರೋದು, 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿದೆ.

ಇಷ್ಟವಾದದ್ದನ್ನ ಎರಡು ಸಲ ನೋಡಿ. ಮೊದಲ ಸಲ ಓದಿ, ಎರಡನೇ ಸಲ ಮುಖ ನೋಡಿ.