ಚಿಕಿತ್ಸಾ ನಿಧಿಯೂ ಸುವಾರ್ತೆಯೂ

ಪ್ರಶ್ನೆ: ಬಡ ರೋಗಿಗಳಿಗಾಗಿ ಒಂದು ನಿಧಿ ಆರಂಭಿಸುವ ಮಾತು ಬಂದಾಗ ನಮ್ಮ ಕ್ರೈಸ್ತ ಸಭೆಯ (ಚರ್ಚಿನ) ಹಿರಿಯರಲ್ಲಿ ಭಿನ್ನಾಭಿಪ್ರಾಯ ಮೂಡಿತು. ಸಭೆಯ ಕೆಲಸ ಸುವಾರ್ತೆ, ಅಂದರೆ ಕ್ರಿಸ್ತನ ಶುಭಸಂದೇಶ, ಸಾರುವುದಷ್ಟೇ, ಸಮಾಜಸೇವೆಗೆ ಬೇರೆ ಸಂಸ್ಥೆಗಳಿವೆ ಎಂದು ಕೆಲವರು ಹೇಳುತ್ತಾರೆ. ಸೇವೆ ಮಾಡಿದರೆ ಸುವಾರ್ತೆ ಸಾರಿದಂತೆಯೇ ಎಂದು ಉಳಿದವರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಇದು ನಿಮ್ಮ ಸಭೆಯೊಂದರ ಜಗಳವಲ್ಲ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಬೋಧಕ ವಾಲ್ಟರ್ ರೌಶೆನ್‌ಬುಷ್ ಮೊದಲಾದವರು, ಪಾಪವು ವ್ಯಕ್ತಿಯ ಹೃದಯದಲ್ಲಷ್ಟೇ ಅಲ್ಲದೆ ಸಮಾಜದ ವ್ಯವಸ್ಥೆಯಲ್ಲೂ ಬೇರುಬಿಟ್ಟಿದೆ ಎಂದು ಬೋಧಿಸಿದರು. ಈ ‘ಸಾಮಾಜಿಕ ಸುವಾರ್ತೆ’ಯಲ್ಲಿ ಶಿಲುಬೆ ಮತ್ತು ಪಾಪಕ್ಷಮೆಯ ಮಾತು ಹಿಂದೆ ಸರಿಯುತ್ತಿದೆ ಎಂದು ಹೆದರಿದ ಅನೇಕ ಸಭೆಗಳು, ಆ ಬೋಧನೆಯನ್ನು ಬಿಡುವ ಭರದಲ್ಲಿ ಬಡವರನ್ನೂ ಬಿಟ್ಟವು. ಆ ಸಭೆಗಳದೇ ಪರಂಪರೆಯ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್, ಬ್ರಿಟಿಷ್ ಸಂಸತ್ತು 1807ರಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸುವವರೆಗೂ ಸುಮಾರು 20 ವರ್ಷ ಹೋರಾಡಿದ್ದು ಆಗ ಯಾರಿಗೂ ನೆನಪಾಗಲಿಲ್ಲವೇನೋ.

1974ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಸೇರಿದ ಸುವಾರ್ತಾ ಮಹಾಸಮ್ಮೇಳನವು ಈ ನಿರ್ಲಕ್ಷ್ಯಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟಿತು. ಲ್ಯಾಟಿನ್ ಅಮೆರಿಕದ ದೇವತಾಶಾಸ್ತ್ರಜ್ಞರಾದ ರೆನೆ ಪಡಿಲ್ಲಾ ಮತ್ತು ಸ್ಯಾಮುಯೆಲ್ ಎಸ್ಕೋಬಾರ್ ಅಲ್ಲಿ ಈ ವಿಷಯವನ್ನು ಬಲವಾಗಿ ಎತ್ತಿದ್ದರು. ಇಂಗ್ಲೆಂಡಿನ ಬೋಧಕ ಜಾನ್ ಸ್ಟಾಟ್ ಅವರ ನೇತೃತ್ವದಲ್ಲಿ ಸಿದ್ಧವಾದ, ‘ಲೊಸಾನ್ ಒಡಂಬಡಿಕೆ’ ಎಂಬ ಸಮ್ಮೇಳನದ ಘೋಷಣೆಯ 5ನೇ ವಿಭಾಗವು, ಸಮಾಜಕಾರ್ಯವೇ ಸುವಾರ್ತಾ ಸೇವೆಯಲ್ಲ, ರಾಜಕೀಯ ಬಿಡುಗಡೆಯೇ ರಕ್ಷಣೆಯಲ್ಲ, ಆದರೂ ಸುವಾರ್ತೆ ಸಾರುವುದು, ಸಮಾಜಕ್ಕಾಗಿ ದುಡಿಯುವುದು ಎರಡೂ ಕ್ರೈಸ್ತರ ಕರ್ತವ್ಯಗಳೇ ಎಂದು ಸ್ಪಷ್ಟಪಡಿಸಿತು. ಮುಂದೆ 1982ರಲ್ಲಿ ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ನಡೆದ ಸಮಾಲೋಚನೆಯು ಸೇವೆಯನ್ನು ಸುವಾರ್ತೆಯ ಫಲವೆಂದೂ, ಅದಕ್ಕೆ ಸೇತುವೆಯೆಂದೂ, ಅದರ ಜೊತೆಗಾರನೆಂದೂ ಮೂರು ಬಗೆಯಲ್ಲಿ ವಿವರಿಸಿತು.

ಈ ಮೂರರಲ್ಲಿ ‘ಸೇತುವೆ’ ಎಂಬ ಮಾತನ್ನು ನಾನು ಎಚ್ಚರದಿಂದ ಬಳಸುತ್ತೇನೆ. ಸೇವೆಯಿಂದ ಜನರ ಮನಸ್ಸು ತೆರೆಯುವುದು ನಿಜ. ಆದರೆ ಮನಸ್ಸು ತೆರೆಸುವುದಕ್ಕಾಗಿಯೇ ಸೇವೆ ಮಾಡಿದರೆ ಅದು ಗಾಳಕ್ಕೆ ಸಿಕ್ಕಿಸಿದ ಎರೆಯಾಗುತ್ತದೆ. ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸಿದಾಗ ಕೃತಜ್ಞತೆ ಹೇಳಲು ಹಿಂದಿರುಗಿ ಬಂದವನು ಒಬ್ಬನೇ, ಅವನೂ ಯೆಹೂದ್ಯರು ಹೊರಗಿನವರೆಂದು ಎಣಿಸುತ್ತಿದ್ದ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದನೇ ಹೊರತು ಅವರ ಸ್ವಸ್ಥತೆಯನ್ನು ಹಿಂದಕ್ಕೆ ಪಡೆಯಲಿಲ್ಲ. ನಮ್ಮ ವರದಿಗಳಲ್ಲಾದರೋ ಆ ಒಂಬತ್ತು ಮಂದಿಯನ್ನು ವ್ಯರ್ಥವಾದ ಖರ್ಚೆಂದು ಬರೆದುಬಿಡುತ್ತಿದ್ದೆವು.

ಹಾಗೆಂದು ಸೇವೆಯನ್ನೇ ಸುವಾರ್ತೆ ಎನ್ನುವಂತೆಯೂ ಇಲ್ಲ. ಸುವಾರ್ತೆ ಎಂಬುದು ಕ್ರಿಸ್ತನ ಮರಣ ಮತ್ತು ಪುನರುತ್ಥಾನದ ಮೂಲಕ ದೇವರು ಮಾಡಿ ಮುಗಿಸಿದ ಕಾರ್ಯದ ಸುದ್ದಿ. ಸುದ್ದಿಯನ್ನು ಮಾತಿನಲ್ಲಿ ಹೇಳಲೇಬೇಕು. ನಮ್ಮ ನಿಧಿ, ನಮ್ಮ ಆಸ್ಪತ್ರೆ ನಾವು ಮಾಡುವ ಕೆಲಸ. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಪೌಲನು, ಕೃಪೆಯಿಂದಲೇ ರಕ್ಷಣೆ, ಕ್ರಿಯೆಗಳಿಂದಲ್ಲ ಎಂದು ಹೇಳಿದ ಮರುಗಳಿಗೆಯಲ್ಲೇ, ನಾವು ಸತ್ಕ್ರಿಯೆಗಳಿಗಾಗಿ ಸೃಷ್ಟಿಸಲ್ಪಟ್ಟವರು ಎನ್ನುತ್ತಾನೆ. ಕೃಪೆಯೆಂಬ ಬೇರಿಗೂ ಸತ್ಕ್ರಿಯೆಯೆಂಬ ಹಣ್ಣಿಗೂ ಇರುವ ಈ ಕ್ರಮವನ್ನು ತಿರುವುಮುರುವು ಮಾಡಿದರೆ ಬಡವರ ಸೇವೆಯೇ ನಮ್ಮ ಪುಣ್ಯಸಂಪಾದನೆಯ ದಾರಿಯಾಗುತ್ತದೆ. ಹಣ್ಣೇ ಬೇಡವೆಂದರೆ, ಹಸಿದವನಿಗೆ ಏನೂ ಕೊಡದೆ ಹೊಟ್ಟೆ ತುಂಬಿಸಿಕೋ ಎಂದು ಹೇಳಿ ಕಳುಹಿಸುವವರನ್ನು ಕುರಿತು ಯಾಕೋಬನು ತನ್ನ ಪತ್ರದಲ್ಲಿ ಕೇಳಿದ ‘ಅದರಿಂದ ಪ್ರಯೋಜನವೇನು?’ ಎಂಬ ಪ್ರಶ್ನೆಗೆ ನಾವು ಉತ್ತರಿಸಬೇಕಾಗುತ್ತದೆ.

ಆದ್ದರಿಂದ ನಿಧಿಯನ್ನು ಆರಂಭಿಸಿ, ಪ್ರಸಂಗವನ್ನೂ ನಿಲ್ಲಿಸಬೇಡಿ. ಒಂದೇ ಸಲಹೆ: ನೆರವಿನ ಅರ್ಜಿಯಲ್ಲಿ, ಆರಾಧನೆಗೆ ಬರುತ್ತೀರಾ ಎಂದು ಕೇಳುವ ಕಾಲಂ ಇಡಬೇಡಿ.