ಮಕ್ಕಳ ಫ್ಯಾಂಟಸಿ ಕಾದಂಬರಿಗಳಲ್ಲಿ ಹೀರೋ ಜೊತೆ ಅಪ್ಪ ಅಮ್ಮ ಯಾಕೆ ಇರಲ್ಲ?

ಕಾರಣ ಸಿಂಪಲ್, ಅವರು ಪಕ್ಕದಲ್ಲೇ ಇದ್ರೆ ಕಥೆ ಎರಡನೇ ಚಾಪ್ಟರ್‌ಗೇ ಮುಗಿದೋಗುತ್ತೆ. 11 ವರ್ಷದ ಹುಡುಗಿ ಅಟ್ಟದಲ್ಲಿ ಮಾತಾಡೋ ಕನ್ನಡಿ ನೋಡಿದ್ಲು ಅಂದ್ಕೊಳಿ, ಓಡಿ ಬಂದು ಅಮ್ಮಂಗೆ ಹೇಳ್ತಾಳೆ, ಅಮ್ಮ ಅಟ್ಟಕ್ಕೆ ಬೀಗ ಜಡಿದು ಊಟಕ್ಕೆ ಕೂತ್ಕೋ ಅಂತಾಳೆ, ಅಲ್ಲಿಗೆ ಅಡ್ವೆಂಚರ್ ಖತಂ.

ಮಿಡಲ್ ಗ್ರೇಡ್ ಪುಸ್ತಕಗಳು ಹೆಚ್ಚುಕಮ್ಮಿ 8ರಿಂದ 12 ವರ್ಷದವರಿಗೆ ಬರೆದಿರೋದು, ಆ ವಯಸ್ಸಲ್ಲಿ ಎಲ್ಲಾ ನಿರ್ಧಾರನೂ ದೊಡ್ಡೋರದ್ದೇ ಆಗಿರುತ್ತಲ್ಲ, ಹಾಗಾಗಿ ಕಥೇಲಾದ್ರೂ ನಿರ್ಧಾರನೂ ಅದರ ಪರಿಣಾಮನೂ ಮಗು ತಲೆ ಮೇಲೇ ಬೀಳ್ಬೇಕು, ಆಗ್ಲೇ ಅದು ಬೆಳೆದಿದೆ ಅಂತ ನಮಗೆ ಅನ್ಸೋದು.

ಅದಕ್ಕೋಸ್ಕರ ಅಪ್ಪ ಅಮ್ಮನ್ನ ಸಾಯಿಸ್ಲೇಬೇಕು ಅಂತೇನಿಲ್ಲ (ಸುಮಾರು ಲೇಖಕರು ಯೋಚ್ನೆನೇ ಮಾಡ್ದೆ ಸಾಯಿಸಿಬಿಡ್ತಾರೆ, ಅದು ಬೇರೆ ಮಾತು). ಸಿ. ಎಸ್. ಲೂಯಿಸ್ ಅವರ ನಾರ್ನಿಯಾ ಸರಣಿಯಲ್ಲಿ 1950ರಲ್ಲಿ ಬಂದ ಮೊದಲ ಪುಸ್ತಕದಲ್ಲಿ, ಯುದ್ಧದ ಬಾಂಬ್ ದಾಳಿ ಅಂತ ಮಕ್ಕಳನ್ನ ಲಂಡನ್‌ನಿಂದ ಹಳ್ಳಿ ಮನೆಗೆ ಕಳಿಸಿರ್ತಾರೆ ಅಷ್ಟೇ. ಬೋರ್ಡಿಂಗ್ ಸ್ಕೂಲ್, ರಜೆ, ಶಾಪ, ಎಲ್ಲಾ ಅದೇ ಕೆಲಸಕ್ಕೆ.

ನನಗೆ ಜಾಸ್ತಿ ಇಷ್ಟ ಆಗೋದು ಅಪ್ಪ ಮನೇಲೇ ಇದ್ದೂ ಏನೂ ಮಾಡಕ್ಕಾಗದ ಕಥೆ. ಬಾಗಿಲಾಚೆ ಏನೋ ಸದ್ದಾಗುತ್ತೆ, ಅಪ್ಪನ ಕೈ ನಡುಗೋದು ಮಗು ಕಣ್ಣಿಗೆ ಬೀಳುತ್ತೆ, ಆ ಒಂದು ಸೀನ್ ಮುಂದೆ ಡ್ರ್ಯಾಗನ್ ಏನೂ ಅಲ್ಲ.

ಇನ್ನು ಗಡ್ಡದ ಮಾಂತ್ರಿಕ ಗುರು ಬಂದ್ರೂ ಅದೇ ಪ್ರಾಬ್ಲಮ್, ಎಲ್ಲಾ ಅವರೇ ಸರಿ ಮಾಡಿಬಿಡ್ತಾರೆ, ಅದಕ್ಕೇ ಕ್ಲೈಮ್ಯಾಕ್ಸ್‌ಗೆ ಮುಂಚೆ ಅವರನ್ನೂ ಎಲ್ಲಾದ್ರೂ ಸಾಗಹಾಕ್ತಾರೆ.